ಎರಡು ಬಂಡಿಗಳು

ನಮ್ಮ ಮನೆಯ ಮಹಡಿಯ ಮೇಲೆ ಒಂದು ಚಿಕ್ಕ ಕೋಣೆಯಿದೆ. ಅದು ನನ್ನ ಮಗ ಓದುವ ಕೋಣೆ. ಅಲ್ಲಿ ಓದು ಎಷ್ಟು ನಡೆಯುತ್ತದೆಂಬುದನ್ನು ನಾನು ವಿಚಾರಿಸಲು ಹೋಗುವುದಿಲ್ಲ. ಅಧ್ಯಾಪಕರ ಮಕ್ಕಳನ್ನು ಮನೆಯಲ್ಲಾದರೂ ಪರೀಕ್ಷೆಯಿಂದ ಬಿಡಬೇಕು. ಆ ಕೋಣೆಯ ಗೋಡೆಯ ಮೇಲೆ, ನಮ್ಮ ಕಾಲದಲ್ಲಾಗಿದ್ದರೆ ಸರಸ್ವತಿಯ ಪಟವಿರುತ್ತಿದ್ದ ಜಾಗದಲ್ಲಿ, ಒಂದು ಕೆಂಪು ಮೋಟಾರಿನ ಚಿತ್ರವಿದೆ. ಮೇಲೆ ಸೂರಿಲ್ಲ, ಮೂತಿ ನೀಳ, ನೆಲಕ್ಕೆ ಹೊಟ್ಟೆ ತಗುಲಿಸಿ ಹೊಂಚು ಹಾಕಿ ಕೂತ ಮೃಗದ ಹಾಗಿದೆ. ಚಿತ್ರದ ಮಗ್ಗುಲಲ್ಲೇ ಕಿಟಕಿ. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ನುಗ್ಗೆಯ ಮರದ ಅರೆನೆರಳಿನಲ್ಲಿ ನಮ್ಮ ಮನೆಯ ಕಾರು ಕಾಣುತ್ತದೆ. 2013ರಲ್ಲಿ ಕೊಂಡದ್ದು. ಅದರ ಬೆನ್ನಿನ ಮೇಲೆ ಸಾಮಾನ್ಯವಾಗಿ ನುಗ್ಗೆಯ ಹೂವೂ ಕಾಗೆಯ ಹಿಕ್ಕೆಯೂ ಇರುತ್ತವೆ.

ಒಂದು ಸಂಜೆ ಕಾಫಿ ಕುಡಿಯುತ್ತ ಕೂತಿದ್ದಾಗ ನಾನು ಸುಮ್ಮನಿರಲಾರದೆ, “ನಿನ್ನ ಚಿತ್ರದ ಕಾರಿನಲ್ಲಿ ದೇವರಾಜ ಮಾರುಕಟ್ಟೆಯಿಂದ ಒಂದು ಕುಂಬಳಕಾಯಿ ತರಲಾದೀತೇನೋ?” ಎಂದೆ. ಹಾಸ್ಯವೆಂದು ನನ್ನ ಭಾವನೆ. ಹುಡುಗ ತಲೆಯೆತ್ತದೆ ಉತ್ತರ ಕೊಟ್ಟ: “ಅದು ಕಾರು ಅಪ್ಪ. ನಮ್ಮದು ಬರೀ ಅನುಕೂಲ.”

ಹದಿನಾರು ವರ್ಷದವನ ಮಾತು. ಆದರೂ ನನಗೆ ಚುಚ್ಚಿತು. ನಮ್ಮ ಕಾರನ್ನು ಅವನು ಹಳಿದದ್ದಕ್ಕಲ್ಲ. ಆ ಮಾತಿನಲ್ಲಿ ಒಂದು ತತ್ತ್ವವಿತ್ತು, ಮತ್ತು ಆ ತತ್ತ್ವವನ್ನು ನಾನೇ ಎಷ್ಟೋ ಸಲ ತರಗತಿಯಲ್ಲಿ ಸಾರಿದ್ದೆ ಎಂಬುದಕ್ಕೆ. ಆ ಕಥೆಗೆ ಆಮೇಲೆ ಬರುತ್ತೇನೆ.

ನಾನು ಕನ್ನಡದ ಅಧ್ಯಾಪಕ. ಯಂತ್ರವಿದ್ಯೆಯಲ್ಲಿ ನನ್ನ ಪಾಂಡಿತ್ಯ ಸೈಕಲ್ಲಿನ ಚೈನು ಕಳಚಿದರೆ ಮತ್ತೆ ಸಿಕ್ಕಿಸುವಲ್ಲಿಗೆ ಮುಗಿಯುತ್ತದೆ. ಆದರೆ ಮಗನೊಡನೆ ವಾದ ಮಾಡಬೇಕಾದರೆ ಅವನ ಗ್ರಂಥವನ್ನು ಓದಿರಬೇಕಷ್ಟೆ. ಚಿತ್ರದ ಬಂಡಿಯ ಹೆಸರು ಕೇಳಿ ತಿಳಿದುಕೊಂಡೆ: ಫೆರಾರಿ 335 ಎಸ್. 1957ರ ಪಂದ್ಯಗಳಿಗಾಗಿ ಇಟಲಿಯಲ್ಲಿ ಮಾಡಿದ್ದು. ಅದರ ಚರಿತ್ರೆಯನ್ನು ಹುಡುಕಿಕೊಂಡು ಹೋದವನಿಗೆ ದಾರಿಯಲ್ಲಿ ಇನ್ನೊಂದು ಬಂಡಿ ಎದುರಾಯಿತು. ಅದೂ ಇಟಲಿಯದೇ, ಅದೇ ವರ್ಷದ್ದೇ. ನಮ್ಮ ನುಗ್ಗೆಯ ಮರದ ಕೆಳಗಿರುವುದಕ್ಕೆ ಸ್ವಭಾವದಲ್ಲಿ ಅಣ್ಣ. ಎರಡನ್ನೂ ಒಟ್ಟಿಗೆ ನೋಡಿದಮೇಲೆ ನನ್ನ ವಾದವೂ ಉಳಿಯಲಿಲ್ಲ, ಮಗನದೂ ಉಳಿಯಲಿಲ್ಲ.

ಮೊದಲು ಕೆಂಪು ಬಂಡಿಯ ವಿಷಯ. ಇಟಲಿಯಲ್ಲಿ ‘ಮಿಲ್ಲೆ ಮಿಲ್ಯ’ ಎಂಬ ಪಂದ್ಯ ನಡೆಯುತ್ತಿತ್ತು. ಸಾವಿರ ಮೈಲಿ ಎಂದು ಅರ್ಥ. 1927ರಲ್ಲಿ ಆರಂಭವಾದದ್ದು. ಉತ್ತರದ ಬ್ರೆಶಾ ಎಂಬ ಊರಿನಿಂದ ಹೊರಟು ರೋಮಿನವರೆಗೆ ಹೋಗಿ ಮತ್ತೆ ಬ್ರೆಶಾಕ್ಕೆ ಬರಬೇಕು. ಸುಮಾರು 1,600 ಕಿಲೋಮೀಟರು. ಇದಕ್ಕೆಂದು ಬೇರೆ ದಾರಿ ಕಟ್ಟಿರಲಿಲ್ಲ. ಹಳ್ಳಿಯ ಇಗರ್ಜಿಯ ಮುಂದೆ, ರೊಟ್ಟಿಯಂಗಡಿಯ ಮುಂದೆ ಹಾದುಹೋಗುವ, ದಿನನಿತ್ಯ ಜನ ನಡೆದಾಡುವ ಅದೇ ರಸ್ತೆ. ಬಂಡಿಗಳು ಒಂದರ ಹಿಂದೆ ಒಂದು, ಬೇರೆ ಬೇರೆ ನಿಮಿಷಕ್ಕೆ ಹೊರಡುತ್ತಿದ್ದವು. ಚಿಕ್ಕವು ಮೊದಲು, ಇರುಳಿನಲ್ಲಿಯೇ. ದೊಡ್ಡವು ಬೆಳಗಿನ ಜಾವಕ್ಕೆ. ಹೊರಟ ವೇಳೆಯೇ ಬಂಡಿಯ ಮೈಮೇಲಿನ ಅಂಕೆ. 7 ಗಂಟೆ 22 ನಿಮಿಷಕ್ಕೆ ಹೊರಟದ್ದು 722. ಆ ಅಂಕೆಯ ಮರ್ಸಿಡಿಸ್ ಬಂಡಿಯಲ್ಲಿ 1955ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷಿನವನು ಅಷ್ಟು ದೂರವನ್ನೂ 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದ. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರಿಗೂ ಮಿಗಿಲು, ಊರು ಕೇರಿಗಳ ನಡುವೆ! ಅವನ ಮಗ್ಗುಲಲ್ಲಿ ಕೂತ ಡೆನಿಸ್ ಜೆಂಕಿನ್ಸನ್ ಎಂಬ ಪತ್ರಕರ್ತ ದಾರಿಯ ತಿರುವುಗಳನ್ನೆಲ್ಲ ಒಂದು ಉದ್ದನೆಯ ಕಾಗದದ ಸುರುಳಿಯಲ್ಲಿ ಮೊದಲೇ ಬರೆದಿಟ್ಟುಕೊಂಡು, ಅದನ್ನು ಬಿಚ್ಚುತ್ತ ಬಿಚ್ಚುತ್ತ ಕೈಸನ್ನೆ ಮಾಡುತ್ತಿದ್ದನಂತೆ. ಇಂಜಿನಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಇದನ್ನು ಓದಿ ನನಗೆ ಮೈ ನವಿರೆದ್ದಿತೆಂದು ಒಪ್ಪಿಕೊಳ್ಳಬೇಕು. ಕಣ್ಣಿಗೆ ಕಾಣದ ತಿರುವನ್ನು ಗೆಳೆಯನ ಕೈಯನ್ನು ನಂಬಿ ಪೂರ್ತಿ ವೇಗದಲ್ಲಿ ಹೊಗುವುದೆಂದರೆ ಸಾಮಾನ್ಯ ವಿಶ್ವಾಸವಲ್ಲ.

ಈ ಪಂದ್ಯವನ್ನು ನೋಡಲು ಲಕ್ಷಾಂತರ ಜನ ರಸ್ತೆಯ ಎರಡೂ ಕಡೆ ಬಂದು ನಿಲ್ಲುತ್ತಿದ್ದರು. ಟಿಕೀಟಿಲ್ಲ, ಕಟಕಟೆಯಿಲ್ಲ. ನಮ್ಮ ಮೈಸೂರಿನಲ್ಲಿ ಜಂಬೂಸವಾರಿಯ ದಿನ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿರುವುದನ್ನು ನೆನೆದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ವ್ಯತ್ಯಾಸವೆಂದರೆ ಆನೆ ನಿಧಾನವಾಗಿ ಬರುತ್ತದೆ.

1957ರ ಮೇ 12. ನನ್ನ ಮಗನ ಗೋಡೆಯ ಮೇಲಿರುವಂತಹುದೇ ಒಂದು ಬಂಡಿ ಬೆಳಗಿನ 5 ಗಂಟೆ 31 ನಿಮಿಷಕ್ಕೆ ಬ್ರೆಶಾ ಬಿಟ್ಟಿತು. ನಡೆಸುವವನು ಅಲ್ಫಾನ್ಸೊ ದೆ ಪೋರ್ತಾಗೊ, ಸ್ಪೇನಿನ ಶ್ರೀಮಂತ ಮನೆತನದವನು, 28 ವರ್ಷ. ಪಕ್ಕದಲ್ಲಿ ಅವನ ಗೆಳೆಯ, ಅಮೆರಿಕದ ಎಡ್ಮಂಡ್ ನೆಲ್ಸನ್. ರೋಮಿಗೆ ಹೋಗಿ ಹಿಂದಿರುಗಿ, ಇನ್ನೇನು ಕೊನೆಯ ಕೆಲವು ಹತ್ತು ಕಿಲೋಮೀಟರು ಉಳಿದಿದೆಯೆನ್ನುವಾಗ, ಗ್ವಿದಿತ್ಸೋಲೊ ಎಂಬ ಹಳ್ಳಿಯ ಹತ್ತಿರ, ನೇರವಾದ ರಸ್ತೆಯಲ್ಲಿ, ಟೈರು ಸಿಡಿಯಿತು. ಬಂಡಿ ರಸ್ತೆ ಬಿಟ್ಟು ಜನರ ಮೇಲೆ ಹಾರಿತು. ಅದರಲ್ಲಿದ್ದ ಇಬ್ಬರೂ ಸತ್ತರು. ನೋಡಲು ನಿಂತಿದ್ದವರಲ್ಲಿ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು.

ಸಾರ್ವಜನಿಕ ರಸ್ತೆಯ ಮೇಲಿನ ವೇಗದ ಪಂದ್ಯವಾಗಿ ಮಿಲ್ಲೆ ಮಿಲ್ಯ ಅಲ್ಲಿಗೆ ಮುಗಿಯಿತು. ಬಂಡಿ ಮಾಡಿಸಿದ ಎಂಜೊ ಫೆರಾರಿಯ ಮೇಲೆ ಮೊಕದ್ದಮೆ ನಡೆಯಿತು; 1961ರಲ್ಲಿ ಅವನು ನಿರ್ದೋಷಿಯೆಂದು ತೀರ್ಪಾಯಿತು. ಆ ದಿನ ಗೆದ್ದವನು ಪಿಯೆರೊ ತರೂಫಿ, ಅದೇ ಕಂಪನಿಯ ಇನ್ನೊಂದು ಬಂಡಿಯಲ್ಲಿ, 50ನೆಯ ವಯಸ್ಸಿನಲ್ಲಿ. ಗೆದ್ದರೆ ಪಂದ್ಯ ಬಿಟ್ಟುಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದನೆಂದು ಹೇಳುತ್ತಾರೆ. ಬಿಟ್ಟುಬಿಟ್ಟ.

ಈಗ ಎರಡನೆಯ ಬಂಡಿ. ಆ ಭಾನುವಾರ ಕಳೆದು 53 ದಿನಕ್ಕೆ, ಎಂದರೆ ಜುಲೈ 4ರಂದು, ಅದೇ ಉತ್ತರ ಇಟಲಿಯ ಟುರಿನ್ ನಗರದಲ್ಲಿ ಫಿಯಟ್ ಕಂಪನಿಯವರು ಒಂದು ಹೊಸ ಕಾರನ್ನು ಜನರ ಮುಂದಿಟ್ಟರು. ಫಿಯಟ್ ಎಂದರೆ ನಮ್ಮವರಿಗೆ ಹೊಸ ಹೆಸರಲ್ಲ. ಮುಂಬಯಿಯಲ್ಲಿ ತಯಾರಾಗಿ, ಮುಂದೆ ಪದ್ಮಿನಿ ಎಂಬ ಹೆಸರು ಪಡೆದು, ನಮ್ಮ ಡಾಕ್ಟರುಗಳನ್ನೂ ವಕೀಲರನ್ನೂ ಹೊತ್ತು ತಿರುಗಿದ ಕಾರು ಆ ಮನೆತನದ್ದೇ. ನಾನು ಹೇಳುತ್ತಿರುವುದು ಅದಕ್ಕಿಂತ ಬಹಳ ಚಿಕ್ಕದು. ‘ನುವೋವಾ 500’, ಹೊಸ ಐನೂರು. ದಾಂತೆ ಜಕೋಸ ಎಂಬ ಇಂಜಿನಿಯರಿನ ಕೈಕೆಲಸ. ಉದ್ದ ಮೂರು ಮೀಟರಿಗೆ ಒಂದು ಹಿಡಿ ಕಡಿಮೆ. ತೂಕ ಅರ್ಧ ಟನ್ನಿನೊಳಗೆ. ಹಿಂಭಾಗದಲ್ಲಿ 479 ಸಿ.ಸಿ.ಯ ಎರಡು ಸಿಲಿಂಡರಿನ ಇಂಜಿನು. ಅದು ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣ್ಣಗಾಗುವಂಥದು. ಶಕ್ತಿ 13 ಕುದುರೆಯದು. ಕೆಂಪು ಬಂಡಿಗೆ ಹನ್ನೆರಡು ಸಿಲಿಂಡರು, ಸುಮಾರು 390 ಕುದುರೆ. ಸರಿಯಾಗಿ ಮೂವತ್ತು ಪಟ್ಟು!

ಯುದ್ಧದಲ್ಲಿ ನುಚ್ಚುನೂರಾಗಿ ಆಗತಾನೆ ಎದ್ದು ನಿಂತಿದ್ದ ದೇಶ ಅದು. ಗಂಡ ಹೆಂಡತಿ ಮಕ್ಕಳು ಸ್ಕೂಟರಿನ ಮೇಲೆ ಹೋಗುತ್ತಿದ್ದರು. ಅವರಿಗೆ ನಾಲ್ಕು ಚಕ್ರ ಕೊಡಬೇಕು. ಕೈಗೆಟಕುವ ಬೆಲೆಯಲ್ಲಿ ಕೊಡಬೇಕು. ಅದಕ್ಕಾಗಿ ಜಕೋಸ ಏನೇನನ್ನು ಕೈಬಿಟ್ಟನೆಂಬುದೇ ಒಂದು ಪಾಠ. ಸೂರಿಗೆ ಉಕ್ಕಿನ ತಗಡಿನ ಬದಲು ಸುತ್ತಿಡಬಹುದಾದ ಬಟ್ಟೆ. ಕಿಟಕಿಯ ಗಾಜು ಕೆಳಗಿಳಿಯುವಂತಿಲ್ಲ. ಮೂಲೆಯ ಚಿಕ್ಕ ತ್ರಿಕೋನದ ಗಾಜನ್ನು ಮಾತ್ರ ತೆರೆಯಬಹುದು. ಹಿಂದೆ ಸರಿಯಾದ ಆಸನವೇ ಇಲ್ಲ. ಇಷ್ಟು ಬಿಟ್ಟರೆ ಜನ ಕೊಳ್ಳುತ್ತಾರೆಯೆ? ಕೊಳ್ಳಲಿಲ್ಲ. ಇಟಲಿಯ ಬಡವನೂ ಕಿಟಕಿ ತೆರೆಯಬೇಕೆನ್ನುತ್ತಾನೆ. ಕೆಲವೇ ತಿಂಗಳಲ್ಲಿ ಕಂಪನಿಯವರು ತಪ್ಪು ತಿದ್ದಿಕೊಂಡು ಇಳಿಯುವ ಗಾಜನ್ನೂ ಸ್ವಲ್ಪ ಹೆಚ್ಚಿನ ಶಕ್ತಿಯನ್ನೂ ಕೊಟ್ಟರು. ಆಮೇಲೆ ಕಾರು ನಡೆಯಿತು. 1975ರ ವೇಳೆಗೆ ಸುಮಾರು 39 ಲಕ್ಷ ಬಂಡಿಗಳಾದವು.

ಇವೆರಡನ್ನು ಎದುರುಬದುರು ನಿಲ್ಲಿಸಿದಾಗ ನನಗೆ ಮೊದಲು ಹೊಳೆದದ್ದು ಇವುಗಳ ಭೇದವಲ್ಲ, ಹೋಲಿಕೆ. ಕೆಂಪು ಬಂಡಿಗೂ ಸೂರಿಲ್ಲ. ಅದಕ್ಕೂ ಹಿಂದೆ ಆಸನವಿಲ್ಲ. ಸಾಮಾನಿಡುವ ಜಾಗವಿಲ್ಲ. ಬೇಡವಾದದ್ದನ್ನು ಒಂದೊಂದಾಗಿ ಕಿತ್ತು, ಮೈಯನ್ನು ಹಗುರ ಮಾಡಿ, ಉಳಿದದ್ದನ್ನೆಲ್ಲ ಒಂದೇ ಗುರಿಗೆ ಮುಡಿಪಾಗಿಟ್ಟವು ಎರಡೂ. ಒಂದರ ಗುರಿ ವೇಗ, ಇನ್ನೊಂದರ ಗುರಿ ಬೆಲೆ. ಎರಡನ್ನೂ ಒಬ್ಬೊಬ್ಬ ತಪಸ್ವಿಯೇ ರೂಪಿಸಿರಬೇಕೆನ್ನಿಸುತ್ತದೆ. ಆದರೆ ಸಂನ್ಯಾಸಿಯ ಮನೆಯಲ್ಲೂ ಸಾಮಾನಿರುವುದಿಲ್ಲ, ಸಾಲಗಾರನ ಮನೆಯಲ್ಲೂ ಸಾಮಾನಿರುವುದಿಲ್ಲ. ಬಾಗಿಲಲ್ಲಿ ನಿಂತು ನೋಡಿದವನಿಗೆ ಎರಡೂ ಬರಿಯ ಮನೆಗಳೇ. ಒಬ್ಬ ತಾನೇ ಬಿಟ್ಟ; ಇನ್ನೊಬ್ಬನಿಂದ ಬೇರೆಯವರು ಎತ್ತಿಕೊಂಡು ಹೋದರು.

ಮಗನ ಪ್ರಶ್ನೆ ಇರುವುದು ‘ಒಳ್ಳೆಯದು’ ಎಂಬ ಮಾತಿನಲ್ಲಿ. ಯಾವುದು ಒಳ್ಳೆಯ ಕಾರು? ಈ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಒಳ್ಳೆಯ ಕತ್ತಿ ಎಂದರೆ ಚೆನ್ನಾಗಿ ಕೊಯ್ಯುವುದು; ಒಳ್ಳೆಯ ಅತ್ತೆ ಎಂದರೆ ಕೊಯ್ಯದಿರುವವರು. ತನ್ನ ಕೆಲಸದಲ್ಲಿ ಮೇಲಾದದ್ದು ಒಂದು ಒಳ್ಳೆಯದು. ತನ್ನ ಸುತ್ತಲಿನವರಿಗೆ ಹಿತವಾದದ್ದು ಇನ್ನೊಂದು. ಮಗ ಮೊದಲನೆಯ ಅರ್ಥವನ್ನು ಹಿಡಿದ, ನಾನು ಎರಡನೆಯದನ್ನು. ಅಲ್ಲಿಗೆ ಕುಂಬಳಕಾಯಿಯ ನ್ಯಾಯದಿಂದ ನಾನು ಗೆದ್ದೆನೆಂದು ಹೇಳಿ ಮುಗಿಸಬಹುದಿತ್ತು.

ಮುಗಿಸುವಂತಿಲ್ಲ. ಪ್ರತಿ ವರ್ಷ ಮೊದಲ ತಿಂಗಳಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಾನೆ: “ಸಾರ್, ಪಂಪನನ್ನು ಓದಿ ನಮಗೇನು ಉಪಯೋಗ?” ಕಾಮರ್ಸಿನ ಹುಡುಗ, ಕೇಳುವ ಹಕ್ಕಿದೆ. ನಾನು ಪ್ರತಿ ವರ್ಷ ಕೊಡುವ ಉತ್ತರ ಹೆಚ್ಚು ಕಡಿಮೆ ಒಂದೇ: ಎಲ್ಲವನ್ನೂ ಉಪಯೋಗದ ತಕ್ಕಡಿಯಲ್ಲಿ ತೂಗಬಾರದಪ್ಪ, ಮನುಷ್ಯನ ಶಕ್ತಿ ಎಲ್ಲಿಯವರೆಗೆ ಏರಬಲ್ಲದೆಂಬುದನ್ನು ತೋರಿಸುವ ಕೃತಿಗಳು ಕೆಲವಿವೆ, ಅವು ಇದ್ದರೆ ಸಾಕು, ಉಳಿದವರ ಬಾಳೂ ಒಂದಿಷ್ಟು ಎತ್ತರವಾಗುತ್ತದೆ. ಇದನ್ನು ನಾನು ಮನಸ್ಸಿನಿಂದಲೇ ಹೇಳುತ್ತೇನೆ, ಈಗಲೂ ನಂಬುತ್ತೇನೆ. ಆದರೆ ಇದು ಕೆಂಪು ಬಂಡಿಯ ಪರವಾದ ವಕಾಲತ್ತಲ್ಲದೆ ಮತ್ತೇನು? ತರಗತಿಯಲ್ಲಿ ಪಂಪನ ಪರ, ಮನೆಯಲ್ಲಿ ಕುಂಬಳಕಾಯಿಯ ಪರ! “ಅದು ಕಾರು, ನಮ್ಮದು ಬರೀ ಅನುಕೂಲ” ಎಂಬುದು ನನ್ನ ಬಾಯಿಂದಲೇ ಕಲಿತ ಮಾತು. ವಿಷಯ ಮಾತ್ರ ಬೇರೆ.

ಕಾವ್ಯ ಯಾರ ಮೈಮೇಲೂ ಹಾರಿ ಬೀಳುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಅದೂ ಪೂರ್ತಿ ಸರಿಯಲ್ಲ. ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ. ಆ ಅಗ್ರಹಾರದ ಗದ್ದೆಯನ್ನು ಉತ್ತವರು ಯಾರು? ಅವರಿಗೆ ಆ ಕಾವ್ಯದ ಒಂದು ಪದ್ಯವಾದರೂ ಕಿವಿಗೆ ಬಿದ್ದಿತ್ತೆ? ನಮ್ಮ ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಹೆಚ್ಚು ಪುಟಗಳಿಲ್ಲ. ನನ್ನ ಪಾಠದ ಟಿಪ್ಪಣಿಗಳಲ್ಲಿ ಒಂದು ಸಾಲೂ ಇಲ್ಲ. ಮಹತ್ತಾದುದಕ್ಕೆಲ್ಲ ಒಂದು ಖರ್ಚಿದೆ. ಆ ಖರ್ಚು ಹೆಚ್ಚಾಗಿ ಬೀಳುವುದು ಅದನ್ನು ಅನುಭವಿಸದವರ ತಲೆಯ ಮೇಲೆ.

ಹಾಗೆ ನೋಡಿದರೆ ಗ್ವಿದಿತ್ಸೋಲೊದ ಸಾವುಗಳು ಹನ್ನೊಂದಾದರೂ ಅವೆಲ್ಲ ಒಂದೇ ಬಗೆಯವಲ್ಲ. ಪೋರ್ತಾಗೊ ತಾನು ಏನನ್ನು ಪಣವಾಗಿಟ್ಟೆನೆಂದು ಬಲ್ಲವನು. ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಇಳಿಜಾರಿನ ಮೇಲೆ ಜಾರುಬಂಡಿ ಓಡಿಸಿ ನಾಲ್ಕನೆಯವನಾಗಿ ಬಂದಿದ್ದ ಮನುಷ್ಯ. ಅಪಾಯವೇ ಅವನ ಕಸುಬು. ಅವನಿಗಾಗಿ ದುಃಖಪಡಬಹುದು, ಅನ್ಯಾಯವಾಯಿತೆನ್ನಲಾಗದು. ರಸ್ತೆಯ ಪಕ್ಕದ ಮಕ್ಕಳ ಮಾತು ಬೇರೆ. ಅವರನ್ನೂ ಯಾರೂ ಎಳೆದು ತಂದಿರಲಿಲ್ಲ ನಿಜ. ವರ್ಷಕ್ಕೊಮ್ಮೆ ತಮ್ಮ ಹಳ್ಳಿಯ ಮುಂದೆ ಹಾದುಹೋಗುವ ಹಬ್ಬ. ಓಡಿ ಬಂದು ನಿಂತರು, ಕೂಗಿದರು, ಕೈ ಬೀಸಿದರು. ಆ ಸಂತೋಷವನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಬಡವರಿಗೆ ಸಂತೋಷ ಬೇಡ, ಸುರಕ್ಷಿತವಾಗಿ ಮನೆಯಲ್ಲಿ ಕೂತಿರಲಿ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಆದರೆ ತಾವು ಏನನ್ನು ಪಣವಿಟ್ಟಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

ಇಷ್ಟು ಯೋಚನೆಯಾದ ಮೇಲೆ ನನಗೆ ಚಿಕ್ಕ ಬಂಡಿಯೂ ಅಷ್ಟು ಮುಗ್ಧವಾಗಿ ಕಾಣಲಿಲ್ಲ. ನಮ್ಮ ದೇಶದ ಒಂದು ಉದಾಹರಣೆ ಎಲ್ಲರಿಗೂ ನೆನಪಿದೆ. 2008ರ ಜನವರಿಯಲ್ಲಿ ದೆಹಲಿಯಲ್ಲಿ ರತನ್ ಟಾಟಾ ಅವರು ನ್ಯಾನೋ ಕಾರನ್ನು ತೋರಿಸಿದರು. ಬೆಲೆ ಒಂದು ಲಕ್ಷವೆಂದು ಮಾತು ಕೊಟ್ಟಿದ್ದರು. ಮಳೆಯಲ್ಲಿ ಸ್ಕೂಟರಿನ ಮೇಲೆ ಹೋಗುತ್ತಿದ್ದ ಒಂದು ಸಂಸಾರವನ್ನು ಕಂಡು ಈ ಯೋಚನೆ ಬಂತೆಂದು ಅವರು ಹೇಳಿದ್ದರು. ಅದನ್ನು ನಾನು ಪೂರ್ತಿ ನಂಬುತ್ತೇನೆ. ಅಂತಹ ಸಂಸಾರ ನಮ್ಮದೂ ಆಗಿತ್ತು. ಇಂಜಿನು ಹಿಂದೆ, ಸಿಲಿಂಡರು ಎರಡು, 624 ಸಿ.ಸಿ. ಜಕೋಸನ ಐನೂರಕ್ಕೆ ಐವತ್ತು ವರ್ಷದ ಬಳಿಕ ಹುಟ್ಟಿದ ತಮ್ಮನೆನ್ನಬಹುದು. ಇಲ್ಲಿಯೂ ಬಿಟ್ಟದ್ದು ಬಹಳ: ಗಾಜೊರೆಸುವ ಕಡ್ಡಿ ಒಂದೇ, ಚಕ್ರಕ್ಕೆ ನಟ್ಟು ಮೂರೇ. ಹೊಗಳದವರಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯವರು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ನಮ್ಮ ದೇಶದ ಐದು ಚಿಕ್ಕ ಕಾರುಗಳನ್ನು ಢಿಕ್ಕಿ ಹೊಡೆಸಿ ಪರೀಕ್ಷಿಸಿದರು. ದೊಡ್ಡವರ ರಕ್ಷಣೆಯಲ್ಲಿ ನ್ಯಾನೋಗೆ ಬಂದದ್ದು ಸೊನ್ನೆ. ಅದೊಂದನ್ನೇ ದೂರಬಾರದು, ಉಳಿದ ನಾಲ್ಕಕ್ಕೂ ಬಂದದ್ದು ಅದೇ. ಪರೀಕ್ಷೆಗೆ ತೆಗೆದುಕೊಂಡ ಯಾವ ಕಾರಿನಲ್ಲೂ ಗಾಳಿಚೀಲವಿರಲಿಲ್ಲ.

“ಸ್ಕೂಟರಿನ ಮೇಲೆ ನಾಲ್ವರು ಹೋಗುವುದಕ್ಕಿಂತ ಇದು ಮೇಲಲ್ಲವೆ?” ಎಂದು ಆಗ ಕೇಳಿದವರುಂಟು. ಮೇಲು, ಸಂದೇಹವಿಲ್ಲ. ಈ ವಾದವನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ, ಅದರಲ್ಲಿ ತಪ್ಪು ಸಿಗುವುದಿಲ್ಲ. ಆದರೆ ಇದೇ ವಾದದಿಂದ ಅರೆಹೊಟ್ಟೆಯವನಿಗೆ ಹಳಸಿದ ಅನ್ನವನ್ನೂ ಬಡಿಸಬಹುದು. ಕಿಟಕಿಯ ಗಾಜನ್ನು ಬಿಟ್ಟರೆ ಕೊಂಡವನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಸೆಕೆಯಾಗುತ್ತದೆ, ಬೈಯುತ್ತಾನೆ, ಕೊಳ್ಳದೆ ಹೋಗುತ್ತಾನೆ, ಕಂಪನಿ ತಿದ್ದಿಕೊಳ್ಳುತ್ತದೆ. ತಗಡಿನ ಒಳಗೆ ಬಿಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಅದು ಕಾಣುವ ದಿನ ಬೈಯಲು ಮನುಷ್ಯ ಇರಬೇಕಲ್ಲ!

ಇಲ್ಲಿಯವರೆಗೆ ಬೇರೆಯವರ ತಪ್ಪನ್ನು ಎಣಿಸುತ್ತ ಬಂದೆ. ಈಗ ನುಗ್ಗೆಯ ಮರದ ಕೆಳಗಿನ ಬಂಡಿಗೆ ಬರಬೇಕು. ಅದರ ಹೆಸರು ಬೇಡ. ಅದನ್ನು ಮಾಡಿದವರ ಮೇಲೂ ಮಾರಿದವರ ಮೇಲೂ ನನ್ನ ದೂರಿಲ್ಲ. 2013ರಲ್ಲಿ ಕೊಳ್ಳಲು ಹೋದಾಗ ಅಂಗಡಿಯ ಹುಡುಗ ಎರಡು ಬಗೆ ತೋರಿಸಿದ. ಎರಡಕ್ಕೂ ಮೂವತ್ತು ಚಿಲ್ಲರೆ ಸಾವಿರ ವ್ಯತ್ಯಾಸ. ಹೆಚ್ಚು ಬೆಲೆಯದಕ್ಕೆ ಮುಂದಿನ ಎರಡು ಆಸನಗಳಿಗೂ ಗಾಳಿಚೀಲವಿತ್ತು. ಆಗ ಕಾನೂನು ಅದನ್ನು ಕೇಳುತ್ತಿರಲಿಲ್ಲ. ನಡೆಸುವವನ ಮುಂದೆ ಅದಿರಲೇಬೇಕೆಂದು ನಿಯಮ ಬಂದದ್ದು 2019ರಲ್ಲಿ, ಪಕ್ಕದವರಿಗೂ ಎಂದು ಆದದ್ದು 2021ರಲ್ಲಿ. ನನ್ನ ಹೆಂಡತಿ, “ಅದನ್ನೇ ತೊಗೊಳ್ಳೋಣರೀ, ಅಮ್ಮನೂ ಬರ್ತಾರೆ” ಎಂದಳು. ನಾನು, “ನಮಗ್ಯಾಕೆ ಅದೆಲ್ಲ? ಇರೋದು ಸರಳವಾಗಿರಲಿ. ನಾನೇನು ನೂರರಲ್ಲಿ ಓಡಿಸ್ತೀನಾ?” ಎಂದೆ. ಸರಳತೆ ಎಂಬ ಮಾತು ಹೇಳುವಾಗ ನನ್ನ ದನಿ ಎಷ್ಟು ಗಂಭೀರವಾಗಿತ್ತೆಂದರೆ ಅಂಗಡಿಯ ಹುಡುಗನೂ ತಲೆದೂಗಿದ.

ಆ ಮೂವತ್ತು ಸಾವಿರ ಏನಾಯಿತು? ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಮುಂದಿನ ಯುಗಾದಿಯ ವೇಳೆಗೆ ನನ್ನ ಮೊದಲ ವಿಮರ್ಶಾ ಗ್ರಂಥ ಪ್ರಕಟವಾಯಿತು. ಪ್ರಕಾಶಕರು ಅರ್ಧ ಖರ್ಚು ನೀವು ಹಾಕಿಕೊಳ್ಳಿ ಎಂದಿದ್ದರು. ಐನೂರು ಪ್ರತಿ, ಅದರಲ್ಲಿ ಮುನ್ನೂರಕ್ಕೆ ಹತ್ತಿರ ಹತ್ತಿರ ಇಂದೂ ನಮ್ಮ ಅಟ್ಟದ ಮೇಲಿವೆ. ಪುಸ್ತಕ ಕೆಟ್ಟದ್ದೆಂದು ನಾನು ಹೇಳಲಾರೆ. ಚಂಪೂ ಕಾವ್ಯದ ಛಂದಸ್ಸಿನ ಬಗ್ಗೆ ಎರಡು ಅಧ್ಯಾಯಗಳು ಯಾರೂ ಹೇಳದ ಮಾತನ್ನು ಹೇಳಿವೆಯೆಂದು ಈಗಲೂ ನನ್ನ ನಂಬಿಕೆ. ಅದು ನನ್ನ ಕೆಂಪು ಬಂಡಿ.

2017ರಲ್ಲಿ ನಂಜನಗೂಡಿನಿಂದ ಹಿಂದಿರುಗುತ್ತಿದ್ದೆವು. ಅಮ್ಮ ಮುಂದೆ ನನ್ನ ಪಕ್ಕದಲ್ಲಿ ಕೂತಿದ್ದರು. ಬೆಲ್ಟು ಹಾಕಿಕೊಂಡರೆ ಸೆರಗು ಮುದುರುತ್ತದೆಂದು ಅವರ ಆಕ್ಷೇಪಣೆ. ನಾನೂ ಬಲವಂತ ಮಾಡುತ್ತಿರಲಿಲ್ಲ. ನಲವತ್ತರ ವೇಗವೂ ಇರಲಿಲ್ಲ. ದನವೊಂದು ಅಡ್ಡ ಬಂತು, ಬ್ರೇಕು ಒತ್ತಿದೆ. ದನ ತನ್ನ ಪಾಡಿಗೆ ಹೋಯಿತು. ಅಮ್ಮನ ಹಣೆ ಮುಂದಿನ ಹಲಗೆಗೆ ಬಡಿದು ರಕ್ತ ಬಂತು. ಕೈಯಲ್ಲಿದ್ದ ಪ್ರಸಾದದ ಪೊಟ್ಟಣವನ್ನು ಭದ್ರವಾಗಿ ಹಿಡಿದುಕೊಂಡೇ ಅವರು ಮೊದಲು ಕೇಳಿದ್ದು: “ಕಾರಿಗೇನೂ ಆಗಿಲ್ಲ ತಾನೆ?”

ನಾಲ್ಕು ಹೊಲಿಗೆ ಬಿತ್ತು. ಅಷ್ಟು ಕಡಿಮೆ ವೇಗಕ್ಕೆ ಗಾಳಿಚೀಲವಿದ್ದರೂ ಬಿಚ್ಚಿಕೊಳ್ಳುತ್ತಿರಲಿಲ್ಲವೆಂದೂ, ಬೆಲ್ಟು ಹಾಕಿದ್ದರೆ ಏನೂ ಆಗುತ್ತಿರಲಿಲ್ಲವೆಂದೂ ಗ್ಯಾರೇಜಿನವರು ಆಮೇಲೆ ಹೇಳಿದರು. ಲೆಕ್ಕದ ಪ್ರಕಾರ ಆ ದಿನದ ಗಾಯಕ್ಕೂ ನನ್ನ ಪುಸ್ತಕಕ್ಕೂ ಸಂಬಂಧವಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಬಾರದ್ದು ಲೆಕ್ಕ ಗೊತ್ತಿಲ್ಲದೆ ಅಲ್ಲ. ಸರಳವಾಗಿರೋಣವೆಂದು ನಾನು ತೀರ್ಮಾನಿಸಿದ್ದೆ. ಆ ಸರಳತೆಯ ಎದುರಿಗೆ ಕೂತಿದ್ದವರು ಅಮ್ಮ. ತ್ಯಾಗ ಮಾಡಿದವನು ನಾನು, ಕಳೆದುಕೊಳ್ಳಬೇಕಾದವರು ಅವರು. ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, “ಪುಸ್ತಕ ಮಾಡಿಸ್ಕೊಳ್ಳಪ್ಪ, ನಂಗ್ಯಾಕೆ ಅದು?” ಎನ್ನುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರು ಹಾಗೆನ್ನುತ್ತಿದ್ದರೆಂಬುದು ನನಗೆ ಸಮಾಧಾನ ಕೊಡುತ್ತದೆಯೆ, ಇನ್ನಷ್ಟು ಬಾಧಿಸುತ್ತದೆಯೆ ಎಂದು ಈಗಲೂ ತೀರ್ಮಾನವಾಗಿಲ್ಲ.

ಇಟಲಿಯ ಬಂಡಿಗಳ ಮುಂದಿನ ಕಥೆಯೂ ಹೀಗೆಯೇ ಒಂದರೊಳಗೊಂದು ಹೆಣೆದುಕೊಂಡಿದೆ. ಪಂದ್ಯದ ಖರ್ಚು ತಡೆಯಲಾರದೆ ಎಂಜೊ ಫೆರಾರಿ 1969ರಲ್ಲಿ ತನ್ನ ಕಂಪನಿಯ ಅರ್ಧ ಪಾಲನ್ನು ಫಿಯಟ್‌ನವರಿಗೆ ಮಾರಿದ. ಸಾಲಗೀಲ ಮಾಡಿ ಚಿಕ್ಕ ಕಾರು ಕೊಂಡ ಗುಮಾಸ್ತರೂ ಶಾಲೆಯ ಮೇಷ್ಟರುಗಳೂ ಕೊಟ್ಟ ದುಡ್ಡು ಕೆಂಪು ಬಂಡಿಗಳನ್ನು ಸಾಕತೊಡಗಿತು ಎಂದು ಹೇಳಿದರೆ ಬಹಳ ತಪ್ಪಾಗಲಾರದು. 2016ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಒಂದು 335 ಎಸ್ ಸುಮಾರು 3 ಕೋಟಿ 20 ಲಕ್ಷ ಯೂರೋಗೆ ಹೋಯಿತು; ಪೋರ್ತಾಗೊ ನಡೆಸಿದ್ದಲ್ಲ, ಅದರ ಒಡಹುಟ್ಟಿದ್ದು. ಚಿಕ್ಕ ಐನೂರಕ್ಕೆ ಬೇರೊಂದು ಬಗೆಯ ಮರ್ಯಾದೆ ಸಂದಿದೆ. 1959ರಲ್ಲೇ ಅದಕ್ಕೆ ವಿನ್ಯಾಸದ ದೊಡ್ಡ ಬಹುಮಾನ ಬಂದಿತ್ತು. 2017ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನವರು ಅಂತಹುದೊಂದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಂಡರು. ಅಂತೂ ಕುಂಬಳಕಾಯಿ ಹೊತ್ತ ಬಂಡಿಯೂ ಗೋಡೆಯ ಚಿತ್ರವಾಯಿತು. ಇದನ್ನು ಮಗನಿಗೆ ಹೇಳಿದಾಗ ಅವನು ನಕ್ಕ.

ಗ್ವಿದಿತ್ಸೋಲೊದ ಕಥೆಯನ್ನೂ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು. ಈ ಪ್ರಸಂಗ ಬರುವ ಸಿನಿಮಾ ಒಂದು 2023ರಲ್ಲಿ ಬಂದಿದೆಯಂತೆ. “ಗೊತ್ತಿದ್ದೂ ಚಿತ್ರ ಹಾಕ್ಕೊಂಡಿದೀಯಲ್ಲೋ?” ಎಂದೆ. “ಅದು ಚೆನ್ನಾಗಿದೆಯಲ್ಲಪ್ಪ” ಎಂದ. ಚೆನ್ನಾಗಿಲ್ಲವೆನ್ನಲು ನನ್ನಿಂದಲೂ ಆಗಲಿಲ್ಲ. ಆಮೇಲೆ ಮೂವತ್ತು ಸಾವಿರದ ಕಥೆಯನ್ನು ಹೇಳಿದೆ. ಅವನು ಏನೂ ಮಾತಾಡದೆ ಸ್ವಲ್ಪ ಹೊತ್ತು ಕೂತಿದ್ದು, “ಅಜ್ಜಿಗೆ ಗೊತ್ತಾ?” ಎಂದು ಕೇಳಿದ. ಇಲ್ಲವೆಂದೆ.

ಕಳೆದ ತಿಂಗಳು ಮತ್ತೆ ನಂಜನಗೂಡಿಗೆ ಹೋಗಿದ್ದೆವು. ಹುಡುಗ ತಾನು ಮುಂದೆ ಕೂತು ಅಜ್ಜಿಯನ್ನು ಹಿಂದೆ ಕೂರಿಸಿದ. ಬೆಲ್ಟನ್ನು ಅವನೇ ಎಳೆದು ಕಟ್ಟಿದ. ಸೆರಗು ಮುದುರಿತೆಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದರು. ಈ ಕಾರನ್ನು ಕೊಟ್ಟು ಬೇರೆ ತೆಗೆದುಕೊಳ್ಳಬೇಕೆಂದು ಎರಡು ವರ್ಷದಿಂದ ಬ್ಯಾಂಕಿನಲ್ಲಿ ಸ್ವಲ್ಪ ಸ್ವಲ್ಪ ಹಣ ಕಟ್ಟುತ್ತಿದ್ದೇವೆ. ನನ್ನ ಎರಡನೆಯ ಪುಸ್ತಕದ ಹಸ್ತಪ್ರತಿಯೂ ಮುಗಿದಿದೆ. ಅದನ್ನು ಮೇಜಿನ ಎಡಗಡೆಯ ಖಾನೆಯಲ್ಲಿ, ಬ್ಯಾಂಕಿನ ಪಾಸುಪುಸ್ತಕದ ಕೆಳಗೆ ಇಟ್ಟಿದ್ದೇನೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.